ಹೃದಯ ಕವಾಟದ ಸೌಮ್ಯ ದೋಷ: ಭಯ ಬೇಡ, ಮರೆವೂ ಬೇಡ

ಶಾಲೆಯ ಆರೋಗ್ಯ ತಪಾಸಣೆಯ ದಿನ ವೈದ್ಯರು ನಿಮ್ಮ ಮಗಳ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಉಳಿದ ಮಕ್ಕಳಿಗಿಂತ ಸ್ವಲ್ಪ ಹೆಚ್ಚು ಹೊತ್ತು ಆಲಿಸಿದರು. ‘ಹೃದಯದಲ್ಲಿ ಒಂದು ಶಬ್ದ ಕೇಳಿಸುತ್ತಿದೆ, ದೊಡ್ಡಾಸ್ಪತ್ರೆಯಲ್ಲಿ ಒಮ್ಮೆ ತೋರಿಸಿ’ ಎಂದು ಚೀಟಿ ಬರೆದುಕೊಟ್ಟರು. ನೀವು ಊಟ ನಿದ್ದೆ ಬಿಟ್ಟು ಓಡಾಡಿ ಎಕೋ ಪರೀಕ್ಷೆ ಮಾಡಿಸಿದಿರಿ. ವರದಿಯಲ್ಲಿ ಒಂದು ಕವಾಟದ ಹೆಸರು, ಅದರ ಮುಂದೆ ‘ಮೈಲ್ಡ್’ ಎಂಬ ಶಬ್ದ. ಅಂದರೆ ಸೌಮ್ಯ ದೋಷ.

ಈ ವರದಿ ಹಿಡಿದು ನನ್ನ ಬಳಿಗೆ ಬರುವವರಲ್ಲಿ ಎರಡು ಬಗೆಯವರಿದ್ದಾರೆ. ಕೆಲವರು ‘ಹೃದಯ’ ಎಂಬ ಶಬ್ದವನ್ನಷ್ಟೇ ಕೇಳಿಸಿಕೊಳ್ಳುತ್ತಾರೆ. ಅಂದಿನಿಂದ ಮಗು ಓಡಬಾರದು, ಆಡಬಾರದು, ಮೆಟ್ಟಿಲು ಹತ್ತಬಾರದು. ಇನ್ನು ಕೆಲವರು ‘ಸೌಮ್ಯ’ ಎಂಬ ಶಬ್ದವನ್ನಷ್ಟೇ ಕೇಳಿಸಿಕೊಳ್ಳುತ್ತಾರೆ. ವರದಿ ಬೀರುವಿನೊಳಗೆ ಸೇರುತ್ತದೆ, ಕಾಯಿಲೆ ಮರೆತುಹೋಗುತ್ತದೆ. ಇಬ್ಬರದೂ ತಪ್ಪೇ. ಆದರೆ ಹೆಚ್ಚು ಹಾನಿ ಮಾಡುವುದು ಎರಡನೆಯ ತಪ್ಪು. ಅದಕ್ಕೆ ಒಮ್ಮೆ ನಾನೂ ಕಾರಣನಾಗಿದ್ದೇನೆ. ಆ ಸಂಗತಿಯನ್ನು ಮುಂದೆ ಹೇಳುತ್ತೇನೆ.

ಕವಾಟದ ಕೆಲಸ

ನಮ್ಮ ಹೃದಯದಲ್ಲಿ ನಾಲ್ಕು ಕೋಣೆಗಳಿವೆ, ನಾಲ್ಕು ಕವಾಟಗಳಿವೆ. ಕವಾಟವೆಂದರೆ ಒಂದೇ ಕಡೆಗೆ ತೆರೆಯುವ ಬಾಗಿಲು. ರಕ್ತ ಮುಂದಕ್ಕೆ ಹೋಗುವಾಗ ಅದು ಪೂರ್ತಿ ತೆರೆದುಕೊಳ್ಳಬೇಕು, ಹೋದ ಮೇಲೆ ಬಿಗಿಯಾಗಿ ಮುಚ್ಚಿಕೊಳ್ಳಬೇಕು. ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಇರುವುದು ಮೈಟ್ರಲ್ ಕವಾಟ. ನಮ್ಮಲ್ಲಿ ಮಕ್ಕಳು ಮತ್ತು ಯುವಜನರಲ್ಲಿ ಹೆಚ್ಚಾಗಿ ಕೆಡುವುದು ಇದೇ.

ಬಾಗಿಲು ಎರಡು ರೀತಿಯಲ್ಲಿ ಕೆಡಬಹುದು. ಸರಿಯಾಗಿ ಮುಚ್ಚದಿದ್ದರೆ ರಕ್ತ ಹಿಂದಕ್ಕೆ ಸೋರುತ್ತದೆ. ಸರಿಯಾಗಿ ತೆರೆಯದಿದ್ದರೆ ದಾರಿ ಕಿರಿದಾಗಿ ರಕ್ತ ಹಿಂದೆಯೇ ಕಟ್ಟಿಕೊಂಡು ಶ್ವಾಸಕೋಶದ ಮೇಲೆ ಒತ್ತಡ ಬೀಳುತ್ತದೆ. ಆಗ ಉಬ್ಬಸ ಶುರುವಾಗುತ್ತದೆ. ಆರೋಗ್ಯವಂತರ ಮೈಟ್ರಲ್ ಕವಾಟ ತೆರೆದಾಗ ಅದರ ದಾರಿ 4ರಿಂದ 6 ಚದರ ಸೆಂಟಿಮೀಟರ್ ಇರುತ್ತದೆ. ಅದು 1.5ಕ್ಕಿಂತ ಹೆಚ್ಚು ಉಳಿದಿರುವವರೆಗೆ ಸಾಮಾನ್ಯವಾಗಿ ರೋಗಿಗೆ ತೊಂದರೆ ಗೊತ್ತಾಗುವುದಿಲ್ಲ. ಒಂದಕ್ಕಿಂತ ಕೆಳಗಿಳಿದರೆ ಬಹಳ ತೀವ್ರ ಎಂದೇ ಲೆಕ್ಕ.

ಎದೆಯಲ್ಲಿ ಶಬ್ದ ಕೇಳಿಸಿದ ಮಾತ್ರಕ್ಕೆ ರೋಗವೆಂದು ತಿಳಿಯಬೇಕಾಗಿಲ್ಲ. ಆರೋಗ್ಯವಂತ ಮಕ್ಕಳಲ್ಲಿ, ರಕ್ತಹೀನತೆ ಇರುವವರಲ್ಲಿ, ಜ್ವರ ಬಂದಾಗ, ಬಸಿರಿನಲ್ಲಿ ಇಂಥ ಶಬ್ದ ಕೇಳಿಸುವುದುಂಟು. ಹಾಗೆಯೇ ಎಕೋ ವರದಿಯಲ್ಲಿ ‘ಟ್ರಿವಿಯಲ್’ ಎಂದು ಬರೆದ ಅತ್ಯಲ್ಪ ಸೋರಿಕೆ ಸರಿಯಾಗಿರುವ ಹೃದಯದಲ್ಲೂ ಕಾಣುತ್ತದೆ. ಯಾವುದು ನಿಜವಾದ ದೋಷ, ಯಾವುದು ಅಲ್ಲ ಎಂಬುದನ್ನು ಹೃದ್ರೋಗ ತಜ್ಞರೇ ಹೇಳಬೇಕು.

ಗಂಟಲಿನಲ್ಲಿ ಆರಂಭ, ಹೃದಯದಲ್ಲಿ ಕೊನೆ

ಎಳೆಯ ವಯಸ್ಸಿನಲ್ಲಿ ಕವಾಟ ಕೆಡಲು ನಮ್ಮ ದೇಶದಲ್ಲಿ ಮುಖ್ಯ ಕಾರಣ ರುಮ್ಯಾಟಿಕ್ ಜ್ವರ. ಹಳೆಯ ತಲೆಮಾರಿನವರು ಇದನ್ನು ಕೀಲುವಾತದ ಜ್ವರ ಎನ್ನುತ್ತಿದ್ದರು. ಇದು ಸಾಮಾನ್ಯವಾಗಿ 5ರಿಂದ 15 ವರ್ಷದ ಮಕ್ಕಳಿಗೆ ಬರುತ್ತದೆ. ಮನೆ ಇಕ್ಕಟ್ಟಾಗಿದ್ದು, ಒಂದೇ ಕೋಣೆಯಲ್ಲಿ ಹಲವರು ಮಲಗುವಲ್ಲಿ ಹೆಚ್ಚು.

ಇದರ ಮೂಲ ಇರುವುದು ಗಂಟಲಿನಲ್ಲಿ. ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನ ಒಂದು ಬಗೆ ಗಂಟಲಿಗೆ ತಗುಲಿ ನೋವು, ಜ್ವರ ಬರುತ್ತದೆ. ನಾಲ್ಕು ದಿನದಲ್ಲಿ ವಾಸಿಯೂ ಆಗುತ್ತದೆ. ಆದರೆ ಆ ರೋಗಾಣುವಿನ ವಿರುದ್ಧ ಶರೀರ ತಯಾರಿಸಿದ ರಕ್ಷಣಾ ಪಡೆ, ಕೆಲವು ಮಕ್ಕಳಲ್ಲಿ, ತನ್ನದೇ ಕೀಲುಗಳನ್ನೂ ಹೃದಯದ ಕವಾಟಗಳನ್ನೂ ಶತ್ರುವೆಂದು ತಿಳಿದು ದಾಳಿ ಮಾಡುತ್ತದೆ. ಎರಡು ಮೂರು ವಾರಗಳ ಬಳಿಕ ಮತ್ತೆ ಜ್ವರ. ಇವತ್ತು ಮೊಣಕಾಲು, ನಾಳೆ ಪಾದದ ಗಂಟು, ನಾಡಿದ್ದು ಮೊಣಕೈ, ಹೀಗೆ ಜಾಗ ಬದಲಿಸುತ್ತ ಊತ ಮತ್ತು ನೋವು.

ಕೀಲಿನ ನೋವು ಪೂರ್ತಿ ವಾಸಿಯಾಗುತ್ತದೆ, ಏನೂ ಉಳಿಯುವುದಿಲ್ಲ. ಕವಾಟಕ್ಕೆ ಆದ ಗಾಯ ಮಾತ್ರ ಉಳಿಯಬಹುದು. ಎಷ್ಟೋ ಜನರಿಗೆ ಚಿಕ್ಕಂದಿನಲ್ಲಿ ಇಂಥ ಜ್ವರ ಬಂದ ನೆನಪೇ ಇರುವುದಿಲ್ಲ. ‘ಬೆಳೆಯುವ ಮಕ್ಕಳ ಕಾಲುನೋವು’ ಎಂದುಕೊಂಡು ತಾಯಿ ಎಣ್ಣೆ ತಿಕ್ಕಿ ಮಲಗಿಸಿರುತ್ತಾಳೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಎಎಸ್‌ಓ ಎಂಬ ರಕ್ತಪರೀಕ್ಷೆಯ ಅಂಕಿ ಹೆಚ್ಚಿದೆ ಎಂಬ ಒಂದೇ ಕಾರಣಕ್ಕೆ ಇದು ರುಮ್ಯಾಟಿಕ್ ಜ್ವರವೆಂದು ನಿರ್ಧರಿಸಬಾರದು. ಇತ್ತೀಚೆಗೆ ಗಂಟಲಿಗೆ ಆ ರೋಗಾಣು ತಗುಲಿತ್ತು ಎಂದಷ್ಟೇ ಅದು ಸೂಚಿಸುತ್ತದೆ. ರೋಗ ಇಲ್ಲದವರಿಗೆ ವರ್ಷಗಟ್ಟಲೆ ಚುಚ್ಚುಮದ್ದು ಕೊಡಿಸುವುದೂ ತಪ್ಪು, ಇರುವವರಿಗೆ ತಪ್ಪಿಸುವುದೂ ತಪ್ಪು.

ನಾನು ಆಡಿದ ಒಂದು ಮಾತು

ಸುಮಾರು ಹನ್ನೆರಡು ವರ್ಷಗಳ ಹಿಂದೆ ಹದಿನೈದು ವರ್ಷದ ಹುಡುಗಿಯೊಬ್ಬಳನ್ನು ಅವಳ ತಾಯಿ ನನ್ನ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಮೈಟ್ರಲ್ ಕವಾಟ ಸ್ವಲ್ಪ ಕಿರಿದಾಗಿತ್ತು, ದೋಷ ಸೌಮ್ಯ. ತಜ್ಞರು ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಬರೆದಿದ್ದರು. ತಾಯಿ ಅಳುತ್ತಿದ್ದರು. ಅವರನ್ನು ಸಮಾಧಾನ ಮಾಡುವ ಆತುರದಲ್ಲಿ ನಾನು ‘ಏನೂ ತೊಂದರೆ ಇಲ್ಲಮ್ಮ, ಚುಚ್ಚುಮದ್ದು ಹಾಕಿಸುತ್ತಿರಿ’ ಎಂದೆ. ಆ ವಾಕ್ಯದ ಮೊದಲರ್ಧ ಅವರ ಮನಸ್ಸಿನಲ್ಲಿ ನಿಂತಿತು. ಎರಡನೆಯ ಅರ್ಧ ಕ್ರಮೇಣ ಅಳಿಸಿಹೋಯಿತು.

ಮೂರು ನಾಲ್ಕು ವರ್ಷ ಹುಡುಗಿ ಬಂದು ಚುಚ್ಚುಮದ್ದು ಹಾಕಿಸಿಕೊಂಡಳು. ಆಮೇಲೆ ಗಂಡು ನೋಡತೊಡಗಿದರು. ತಿಂಗಳು ತಿಂಗಳೂ ಆಸ್ಪತ್ರೆಗೆ ಹೋಗುವ ಹುಡುಗಿ ಎಂದು ಊರಿನಲ್ಲಿ ಮಾತಾಗಬಾರದೆಂದು ನಿಲ್ಲಿಸಿದರು. ಮದುವೆಯಾಯಿತು. ಗಂಡನ ಮನೆಗೆ ವಿಷಯ ತಿಳಿಸಲಿಲ್ಲ. ನಡುವೆ ಎರಡು ಸಲ ಗಂಟಲುನೋವು, ಜ್ವರ, ಗಂಟುನೋವು ಬಂದು ಹೋಗಿದ್ದವು. ಅಂಗಡಿಯ ಮಾತ್ರೆಯಲ್ಲಿ ಕಡಿಮೆಯಾಗಿತ್ತು.

ಬಸುರಿಯಾಗಿ ಏಳನೇ ತಿಂಗಳಿನಲ್ಲಿ ತವರಿಗೆ ಬಂದವಳು ರಾತ್ರಿ ಮಲಗಲಾರದೆ ಗೋಡೆಗೊರಗಿ ಕೂತಿರುತ್ತಿದ್ದಳು. ನೆಗಡಿ ಕೆಮ್ಮು ಎಂದು ಕಷಾಯ ಕೊಟ್ಟರು. ನನ್ನ ಬಳಿಗೆ ಕರೆತಂದಾಗ ಮಾತನಾಡಲೂ ಉಸಿರು ಸಾಲದಾಗಿತ್ತು. ಅಂದೇ ದೊಡ್ಡಾಸ್ಪತ್ರೆಗೆ ಕಳಿಸಿದೆ. ಕವಾಟದ ದಾರಿ ಒಂದು ಚದರ ಸೆಂಟಿಮೀಟರಿಗಿಂತ ಕಿರಿದಾಗಿತ್ತು. ಬಸಿರಿನಲ್ಲೇ ಬಲೂನ್ ಚಿಕಿತ್ಸೆ ಮಾಡಿ ಕವಾಟ ಅಗಲಿಸಿದರು. ದೇವರ ದಯೆ, ತಾಯಿ ಮಗು ಇಬ್ಬರೂ ಉಳಿದರು. ಆ ಮಗು ಈಗ ಶಾಲೆಗೆ ಹೋಗುತ್ತಿದೆ.

ಆ ದಿನ ತಾಯಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಏನೂ ತೊಂದರೆ ಇಲ್ಲ ಅಂತ ನೀವೇ ಹೇಳಿದ್ದಿರಲ್ಲ ಡಾಕ್ಟ್ರೇ?’ ಅಂದಿನಿಂದ ಆ ಮಾತನ್ನು ನಾನು ಯಾರಿಗೂ ಹಾಗೆ ಹೇಳುವುದಿಲ್ಲ. ‘ಈಗ ತೊಂದರೆ ಇಲ್ಲ, ಮುಂದೆಯೂ ಬಾರದಂತೆ ನೋಡಿಕೊಳ್ಳೋಣ’ ಎನ್ನುತ್ತೇನೆ. ಸೌಮ್ಯ ಎನ್ನುವುದು ಇಂದಿನ ಸ್ಥಿತಿಯ ವರ್ಣನೆ, ನಾಳೆಯ ಭರವಸೆಯಲ್ಲ.

ಮೂರು ವಾರಕ್ಕೊಂದು ಚುಚ್ಚುಮದ್ದು ಏಕೆ?

ಒಮ್ಮೆ ರುಮ್ಯಾಟಿಕ್ ಜ್ವರ ಬಂದವರಿಗೆ ಮತ್ತೆ ಬರುವ ಸಂಭವ ಹೆಚ್ಚು. ಪ್ರತಿ ಸಲ ಬಂದಾಗಲೂ ಕವಾಟದ ಮೇಲೆ ಹೊಸ ಗಾಯವಾಗುತ್ತದೆ. ಗಾಯ ಮಾಯುವಾಗ ಕವಾಟ ದಪ್ಪವಾಗಿ, ಅಂಚುಗಳು ಅಂಟಿಕೊಂಡು ದಾರಿ ಮತ್ತಷ್ಟು ಕಿರಿದಾಗುತ್ತದೆ. ಗಂಟಲಿಗೆ ಆ ರೋಗಾಣು ಬಾರದಂತೆ ತಡೆದರೆ ಈ ಸರಪಳಿ ಅಲ್ಲಿಗೇ ತುಂಡಾಗುತ್ತದೆ. ಬೆಂಜಥೈನ್ ಪೆನಿಸಿಲಿನ್ ಮಾಂಸಖಂಡದಲ್ಲಿ ಸ್ವಲ್ಪ ಸ್ವಲ್ಪವೇ ಕರಗುತ್ತ ಸುಮಾರು ಮೂರು ವಾರ ರಕ್ತದಲ್ಲಿ ಉಳಿಯುತ್ತದೆ. ಆಮೇಲೆ ಅದರ ಬಲ ಕುಗ್ಗುತ್ತದೆ. ಅದಕ್ಕೇ 21 ದಿನಗಳ ಲೆಕ್ಕ. ಒಂದು ವಾರ ತಡವಾದರೆ ಆ ವಾರ ಬಾಗಿಲು ತೆರೆದಿಟ್ಟಂತೆ.

ಇದು ಹಳೆಯ ಔಷಧಿ, ಈಗಲೂ ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ಉಗಾಂಡ ದೇಶದಲ್ಲಿ, ಎಕೋ ಪರೀಕ್ಷೆಯಲ್ಲಿ ಮಾತ್ರ ಕಾಣುವಂಥ ಆರಂಭದ ಕವಾಟ ದೋಷವಿದ್ದ 818 ಮಕ್ಕಳ ಮೇಲೆ ನಡೆದ ಅಧ್ಯಯನದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅಲ್ಲಿ ನಾಲ್ಕು ವಾರಕ್ಕೊಮ್ಮೆ ಚುಚ್ಚುಮದ್ದು ಪಡೆದವರಲ್ಲಿ ಎರಡು ವರ್ಷದಲ್ಲಿ ದೋಷ ಹೆಚ್ಚಿದ್ದು ಮೂವರಿಗೆ ಮಾತ್ರ, ಅಂದರೆ ಶೇ 0.8. ಪಡೆಯದವರಲ್ಲಿ 33 ಮಕ್ಕಳಿಗೆ, ಶೇ 8.2. ಆರಂಭದಲ್ಲೇ ಹಿಡಿದರೆ ಈ ಹಳೆಯ ಔಷಧಿ ಎಷ್ಟು ಉಪಕಾರಿ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಎಷ್ಟು ವರ್ಷ ಹಾಕಿಸಬೇಕು? ಸಾಮಾನ್ಯವಾಗಿ ಅನುಸರಿಸುವ ಒಂದು ನಿಯಮ ಹೀಗಿದೆ. ಹೃದಯಕ್ಕೆ ಏನೂ ತಟ್ಟದಿದ್ದರೆ ಕೊನೆಯ ಜ್ವರದಿಂದ 5 ವರ್ಷ ಅಥವಾ 21 ವರ್ಷ ತುಂಬುವವರೆಗೆ. ಹೃದಯಕ್ಕೆ ತಟ್ಟಿದರೂ ಕವಾಟದಲ್ಲಿ ದೋಷ ಉಳಿಯದಿದ್ದರೆ 10 ವರ್ಷ ಅಥವಾ 21 ವರ್ಷ ತುಂಬುವವರೆಗೆ. ಕವಾಟದಲ್ಲಿ ದೋಷ ಉಳಿದಿದ್ದರೆ 10 ವರ್ಷ ಅಥವಾ 40 ವರ್ಷ ತುಂಬುವವರೆಗೆ. ಪ್ರತಿಯೊಂದರಲ್ಲೂ ಯಾವ ಅವಧಿ ಹೆಚ್ಚೋ ಅದನ್ನೇ ಹಿಡಿಯಬೇಕು. ನಿಮ್ಮ ಮನೆಯ ರೋಗಿಗೆ ಯಾವುದು ಅನ್ವಯಿಸುತ್ತದೆ ಎಂಬುದನ್ನು ತಜ್ಞರೇ ನಿರ್ಧರಿಸಲಿ. ನಿಲ್ಲಿಸುವ ತೀರ್ಮಾನ ಮಾತ್ರ ಮನೆಯವರದಾಗಬಾರದು.

ಚುಚ್ಚುಮದ್ದು ನೋಯುತ್ತದೆ, ನಿಜ. ಔಷಧಿಯನ್ನು ಚೆನ್ನಾಗಿ ಕಲಸಿ, ನಿಧಾನವಾಗಿ ಕೊಟ್ಟರೆ ನೋವು ಕಡಿಮೆ. ಮಕ್ಕಳನ್ನು ಖಾಲಿ ಹೊಟ್ಟೆಯಲ್ಲಿ ಕರೆತರಬೇಡಿ. ಏನಾದರೂ ತಿನ್ನಿಸಿ, ನೀರು ಕುಡಿಸಿ, ಮಲಗಿಸಿ ಚುಚ್ಚಿಸಿದರೆ ತಲೆಸುತ್ತಿ ಬೀಳುವುದು ತಪ್ಪುತ್ತದೆ. ತೀವ್ರವಾದ ಪೆನಿಸಿಲಿನ್ ಅಲರ್ಜಿ ಅಪರೂಪ. ಆದರೂ ಅದನ್ನು ನಿಭಾಯಿಸುವ ಸೌಕರ್ಯವಿರುವ ಕಡೆಯೇ ಹಾಕಿಸಿ, ಅರ್ಧ ಗಂಟೆ ಅಲ್ಲೇ ಕುಳಿತಿರಿ. ಅಲರ್ಜಿ ಇರುವವರಿಗೆ ಬೇರೆ ಮಾತ್ರೆಗಳಿವೆ. ಕೆಲವೊಮ್ಮೆ ಈ ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ. ಆಗ ಸುಮ್ಮನಿರದೆ ವೈದ್ಯರನ್ನು ಕೇಳಿದರೆ, ಸಿಗುವವರೆಗೆ ಪೆನಿಸಿಲಿನ್ ಮಾತ್ರೆ ಬರೆದುಕೊಡುತ್ತಾರೆ.

ತಪಾಸಣೆ ಹೇಗೆ, ಯಾವಾಗ?

ಸೌಮ್ಯ ದೋಷ ಇರುವವರು ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ ವೈದ್ಯರ ಮುಂದೆ ಕೂರಬೇಕು. ವೈದ್ಯರು ನಾಡಿ, ರಕ್ತದೊತ್ತಡ ನೋಡಿ ಎದೆ ಆಲಿಸುತ್ತಾರೆ. ಹೃದಯದ ಲಯ ತಪ್ಪಿದೆಯೇ ಎಂದು ತಿಳಿಯಲು ಇಸಿಜಿ ಮಾಡಿಸಬಹುದು. ಕವಾಟವನ್ನು ಕಣ್ಣಾರೆ ತೋರಿಸುವುದು ಎಕೋ ಪರೀಕ್ಷೆ. ಇದರಲ್ಲಿ ಶಬ್ದದ ಅಲೆಗಳನ್ನು ಬಳಸುತ್ತಾರೆ. ಎಕ್ಸ್‌ರೇ ಇಲ್ಲ, ಸೂಜಿ ಇಲ್ಲ, ನೋವಿಲ್ಲ. ಬಸುರಿಯರಿಗೂ ಮಾಡಬಹುದು. ಸೌಮ್ಯ ದೋಷಕ್ಕೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಎಕೋ ಸಾಮಾನ್ಯವಾಗಿ ಸಾಕು. ಮಕ್ಕಳಿಗೆ ಮತ್ತು ಹೊಸ ತೊಂದರೆ ಕಂಡವರಿಗೆ ಬೇಗನೆ ಬೇಕಾಗಬಹುದು.

ಒಂದು ಚಿಕ್ಕ ಕೆಲಸ ಮಾಡಿ. ಹಳೆಯ ವರದಿಗಳನ್ನೆಲ್ಲ ವರ್ಷದ ಕ್ರಮದಲ್ಲಿ ಒಂದು ಫೈಲಿನಲ್ಲಿಡಿ. ಒಂದು ವರದಿ ಹೇಳುವುದು ಇಂದಿನ ಸ್ಥಿತಿಯನ್ನು. ನಾಲ್ಕು ವರದಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಕಾಯಿಲೆ ಯಾವ ಕಡೆಗೆ ಹೋಗುತ್ತಿದೆ ಎಂದು ಗೊತ್ತಾಗುತ್ತದೆ. ಚುಚ್ಚುಮದ್ದಿನ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಇಡೀ ವರ್ಷಕ್ಕೆ ಮೊದಲೇ ಗುರುತು ಹಾಕಿಡಿ.

18 ವರ್ಷದೊಳಗಿನ ಮಕ್ಕಳಿಗಾಗಿ 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಪರೀಕ್ಷಿಸುತ್ತವೆ. ಅವರು ಹುಡುಕುವ ಕಾಯಿಲೆಗಳಲ್ಲಿ ಇದೂ ಒಂದು. ಅವರು ಚೀಟಿ ಕೊಟ್ಟರೆ ಅಲಕ್ಷ್ಯ ಮಾಡಬೇಡಿ.

ದಿನನಿತ್ಯದ ಬದುಕು

ಈ ಸ್ಥಿತಿಯಲ್ಲಿ ಮಾಡಬಾರದ ಕೆಲಸಗಳಿಗಿಂತ ಮಾಡಬಹುದಾದ ಕೆಲಸಗಳೇ ಹೆಚ್ಚು.

ಆಟ, ಓಟ: ಸೌಮ್ಯ ದೋಷವಿದ್ದು ಉಬ್ಬಸ ಇಲ್ಲದ ಮಕ್ಕಳು ಎಲ್ಲರಂತೆ ಆಡಬಹುದು. ಸ್ಪರ್ಧೆಯ ಮಟ್ಟದ ಆಟಕ್ಕೆ ಮೊದಲು ತಜ್ಞರನ್ನು ಕೇಳಿ. ಮಗುವನ್ನು ಮೂಲೆಯಲ್ಲಿ ಕೂರಿಸಿದರೆ ಹೃದಯಕ್ಕೆ ಲಾಭವಿಲ್ಲ, ಮನಸ್ಸಿಗೆ ನಷ್ಟವಿದೆ.

ಆಹಾರ: ವಿಶೇಷ ಪಥ್ಯ ಬೇಕಿಲ್ಲ. ಮುದ್ದೆ, ಅನ್ನ, ರೊಟ್ಟಿ, ಸೊಪ್ಪು, ಬೇಳೆ, ಮೊಟ್ಟೆ ಎಲ್ಲವೂ ಆಗಬಹುದು. ಉಪ್ಪಿನಕಾಯಿ, ಹಪ್ಪಳ ಮಿತವಾಗಿರಲಿ. ರಕ್ತಹೀನತೆ ಇದ್ದರೆ ಹೃದಯ ಹೆಚ್ಚು ದುಡಿಯಬೇಕಾಗುತ್ತದೆ, ಅದನ್ನು ಸರಿಪಡಿಸಿಕೊಳ್ಳಿ. ಬೀಡಿ, ಸಿಗರೇಟು, ಹೊಗೆಸೊಪ್ಪು ಬೇಡ.

ಗಂಟಲುನೋವು: ಮನೆಯಲ್ಲಿ ಯಾರಿಗೆ ಜ್ವರದೊಡನೆ ಗಂಟಲುನೋವು ಬಂದರೂ ವೈದ್ಯರಿಗೆ ತೋರಿಸಿ. ಮಾತ್ರೆ ಬರೆದುಕೊಟ್ಟರೆ ಹೇಳಿದಷ್ಟು ದಿನ ಮುಗಿಸಿ. ಎರಡು ದಿನಕ್ಕೆ ನೋವು ಹೋಯಿತೆಂದು ನಿಲ್ಲಿಸಬೇಡಿ.

ಹಲ್ಲು: ಕೆಟ್ಟ ಹಲ್ಲು, ವಸಡಿನಿಂದ ರೋಗಾಣುಗಳು ರಕ್ತಕ್ಕೆ ಸೇರಿ ದೋಷವಿರುವ ಕವಾಟದ ಮೇಲೆ ಬೀಡುಬಿಡಬಹುದು. ಇದು ಅಪರೂಪವಾದರೂ ಗಂಭೀರ. ದಿನಕ್ಕೆರಡು ಬಾರಿ ಹಲ್ಲುಜ್ಜಿ. ದಂತವೈದ್ಯರಲ್ಲಿ ಹೋದಾಗ ಕವಾಟದ ವಿಷಯ ಮೊದಲೇ ಹೇಳಿ. ಕೀಳುವ ಮೊದಲು ಬೇರೆ ಔಷಧಿ ಬೇಕೇ ಎಂದು ಅವರು ನಿರ್ಧರಿಸುತ್ತಾರೆ.

ಮದುವೆ, ಬಸಿರು, ಬಾಣಂತನ

ಈ ಭಾಗವನ್ನು ತಂದೆತಾಯಿ ಇಬ್ಬರೂ ಓದಬೇಕು. ಸೌಮ್ಯ ದೋಷವಿರುವ ಹುಡುಗಿ ಮದುವೆಯಾಗಬಹುದು, ತಾಯಿಯಾಗಬಹುದು. ಹೆಚ್ಚಿನವರಿಗೆ ಬಸಿರು, ಹೆರಿಗೆ ಸುಸೂತ್ರವಾಗಿ ಆಗುತ್ತದೆ. ಆದರೆ ಬಸಿರಿನಲ್ಲಿ ದೇಹದ ರಕ್ತದ ಪ್ರಮಾಣ ಸುಮಾರು ಶೇ 40ರಿಂದ 50ರಷ್ಟು ಹೆಚ್ಚುತ್ತದೆ, ನಾಡಿಯ ವೇಗವೂ ಏರುತ್ತದೆ. ಕಿರಿದಾದ ಬಾಗಿಲಿನಲ್ಲಿ ಜಾತ್ರೆಯ ಜನ ನುಗ್ಗಿದಂತೆ. ಅದುವರೆಗೆ ಮರೆಯಲ್ಲಿದ್ದ ದೋಷ ಐದನೇ ತಿಂಗಳ ನಂತರ, ಹೆರಿಗೆಯ ಹೊತ್ತಿನಲ್ಲಿ ಅಥವಾ ಹೆರಿಗೆಯಾದ ಕೂಡಲೇ ಪ್ರಕಟವಾಗುವುದು ಇದೇ ಕಾರಣದಿಂದ.

ಆದ್ದರಿಂದ ಬಸಿರಿಗೆ ಮುಂಚೆಯೇ ಒಮ್ಮೆ ಎಕೋ ಮಾಡಿಸಿ. ಬಸಿರಾದ ಕೂಡಲೇ ಪ್ರಸೂತಿ ತಜ್ಞರಿಗೆ ತಿಳಿಸಿ. ಪೆನಿಸಿಲಿನ್ ಬಸಿರಿನಲ್ಲೂ ಸುರಕ್ಷಿತ, ನಿಲ್ಲಿಸಬೇಡಿ. ಸೌಕರ್ಯವಿರುವ ಆಸ್ಪತ್ರೆಯಲ್ಲೇ ಹೆರಿಗೆಯಾಗಲಿ. ಗರ್ಭನಿರೋಧಕ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ.

ಗಂಡನ ಮನೆಯವರಿಗೆ ಹೇಳುವುದೇ? ಮದುವೆಯ ಮಾತುಕತೆಯಲ್ಲಿ ಇದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಆದರೆ ಮುಚ್ಚಿಟ್ಟರೆ ಚುಚ್ಚುಮದ್ದನ್ನೂ ಮುಚ್ಚಿಡಬೇಕಾಗುತ್ತದೆ. ಆ ಹುಡುಗಿಯ ಅತ್ತೆ ಆಸ್ಪತ್ರೆಯಲ್ಲಿ ಹೇಳಿದ ಮಾತು ಇಂದಿಗೂ ನೆನಪಿದೆ: ‘ಹೇಳಿದ್ದರೆ ನಾವೇ ಕರೆದುಕೊಂಡು ಬರ್ತಿರಲಿಲ್ವಾ?’ ಈಗ ಪ್ರತಿ ಮೂರು ವಾರಕ್ಕೆ ಗಂಡನೇ ಅವಳನ್ನು ಕರೆತರುತ್ತಾನೆ.

ಇವು ಕಂಡರೆ ತಡಮಾಡಬೇಡಿ

* ಮೊದಲು ಸಲೀಸಾಗಿ ಹತ್ತುತ್ತಿದ್ದ ಮೆಟ್ಟಿಲಿನಲ್ಲಿ ಈಗ ಉಬ್ಬಸ.
* ರಾತ್ರಿ ಉಸಿರುಕಟ್ಟಿ ಎದ್ದು ಕೂರುವುದು, ಎರಡು ಮೂರು ದಿಂಬು ಬೇಕಾಗುವುದು.
* ಎದೆ ಬಡಿತ ತಾಳತಪ್ಪಿ ಓಡಿದಂತಾಗುವುದು.
* ಕೆಮ್ಮಿದಾಗ ರಕ್ತ ಬೆರೆತ ಕಫ.
* ಕಾಲು ಊದುವುದು.
* ಕಾರಣ ಗೊತ್ತಾಗದೆ ಒಂದು ವಾರ ಮೀರಿ ಉಳಿದ ಜ್ವರ. ಇಂಥ ಜ್ವರಕ್ಕೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ನುಂಗಬೇಡಿ, ಮೊದಲು ರಕ್ತಪರೀಕ್ಷೆ ಆಗಬೇಕು.
* ಮುಖ ಓರೆಯಾಗುವುದು, ಒಂದು ಕಡೆಯ ಕೈಕಾಲು ಸೋಲುವುದು, ಮಾತು ತೊದಲುವುದು. ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ದೋಷ ಹೆಚ್ಚಿದರೂ ದಾರಿಗಳಿವೆ. ಜಪಾನಿನ ಶಸ್ತ್ರವೈದ್ಯ ಕಾಂಜಿ ಇನೌಯೆ 1984ರಲ್ಲಿ ಲೋಕಕ್ಕೆ ತಿಳಿಸಿದ ಬಲೂನ್ ಚಿಕಿತ್ಸೆಯಲ್ಲಿ ತೊಡೆಯ ರಕ್ತನಾಳದ ಮೂಲಕ ಬಲೂನನ್ನು ಒಯ್ದು ಕಿರಿದಾದ ಕವಾಟವನ್ನು ಅಗಲಿಸುತ್ತಾರೆ. ಎದೆ ತೆರೆಯಬೇಕಿಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಇದು ಬಹುಕಾಲದಿಂದ ನಡೆಯುತ್ತಿದೆ. ಮೈಸೂರು, ಕಲಬುರಗಿಗಳಲ್ಲೂ ಆ ಸಂಸ್ಥೆಯ ಆಸ್ಪತ್ರೆಗಳಿವೆ. ಎಲ್ಲ ಕವಾಟಗಳಿಗೂ ಬಲೂನ್ ಒಗ್ಗುವುದಿಲ್ಲ, ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆ ನಮ್ಮಲ್ಲಿದೆ. ಮೂರು ವಾರಕ್ಕೊಂದು ಚುಚ್ಚುಮದ್ದು, ವರ್ಷಕ್ಕೊಂದು ತಪಾಸಣೆ. ಇಷ್ಟರಲ್ಲಿ ಹೋಗುವುದನ್ನು ಶಸ್ತ್ರಚಿಕಿತ್ಸೆಯ ಮೇಜಿನವರೆಗೆ ಬೆಳೆಸಬೇಡಿ. ನಿಮ್ಮ ಮನೆಯ ಬೀರುವಿನಲ್ಲಿ ಇಂಥ ಹಳೆಯ ಎಕೋ ವರದಿ ಇದ್ದರೆ ಇಂದೇ ಹೊರತೆಗೆದು ಅದರ ಮೇಲಿನ ತಾರೀಖು ನೋಡಿ. ಮೂರು ವರ್ಷ ದಾಟಿದ್ದರೆ ಈ ವಾರವೇ ವೈದ್ಯರನ್ನು ಕಾಣಿ.